ಎಸ್.ಎಸ್.ಸಿ. ಪರೀಕ್ಷೆಯ ಅನಂತರ: ಉದ್ಯೋಗಶಿಕ್ಷಣದ ಆಯ್ಕೆ



ಶಾಲಾಂತ್ಯ ಪರೀಕ್ಷೆ ಮುಗಿದು ಫಲಿತಾಂಶ ಹೊರಬೀಳುವವರೆಗಿನ ದಿನಗಳಲ್ಲಿ ಮನೆಗೆ ಬಂದವರೆಲ್ಲರೂ ನಿಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಮುಂದೇನು?” ಈ ಪ್ರಶ್ನೆಗೆ ನಮ್ಮಲ್ಲಿ ಅನೇಕರು ನೆರೆಮನೆಯ ಹುಡುಗನ ಉತ್ತರವನ್ನೇ ತಮ್ಮ ಉತ್ತರವೆಂದು ಹೇಳಿಬಿಡುತ್ತಾರೆ. ಅವನು ಕಾಮರ್ಸ್ ತೆಗೆದುಕೊಂಡರೆ ಇವನಿಗೂ ಕಾಮರ್ಸ್. ಅವಳು ಸಾಯನ್ಸ್ ತೆಗೆದುಕೊಂಡರೆ ಇವಳಿಗೂ ಸಾಯನ್ಸ್. ಅರಿವೆಯನ್ನು ಕೊಳ್ಳುವಾಗ ಅಳತೆ ನೋಡಿ ಕೊಳ್ಳುವ ನಾವು, ಬಾಳಿನ ನಾಲ್ಕಾರು ಬೆಲೆಬಾಳುವ ವರ್ಷಗಳನ್ನು ಕೊಟ್ಟು ಪಡೆಯುವ ವಿದ್ಯೆಯನ್ನು ಅಳತೆ ನೋಡದೆ ಪಡೆಯುವುದು ವಿಚಿತ್ರವಲ್ಲವೇ?

ಕಾಲೇಜು ಶಿಕ್ಷಣವು ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅದಕ್ಕೆ ಯೋಗ್ಯರಾದವರೂ ಅನುಕೂಲವುಳ್ಳವರೂ ಅದನ್ನು ಅವಶ್ಯವಾಗಿ ಪಡೆಯಲಿ. ಆದರೆ ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಗಳಲ್ಲಿ ದುಡಿಯುವ ಕೈ ಒಂದೇ, ಉಣ್ಣುವ ಬಾಯಿಗಳು ಐದಾರು. ಅಂಥ ಮನೆಯ ಮಕ್ಕಳಿಗೆ ಬೇಗನೆ ಸಂಪಾದನೆಗೆ ಹಚ್ಚುವ, ಆದರೆ ಮುಂದಿನ ಓದಿಗೆ ಅಡ್ಡಿಯಾಗದ ಶಿಕ್ಷಣವು ಯಾವುದು ಎಂಬುದನ್ನು ವಿಚಾರ ಮಾಡುವುದು ಅಗತ್ಯ.

ಎರಡು ಬಾಗಿಲುಗಳು

ಯಾವುದೇ ಅಭ್ಯಾಸಕ್ರಮವನ್ನು ಪರೀಕ್ಷಿಸಲು ಒಂದು ಸುಲಭವಾದ ಒರೆಗಲ್ಲನ್ನು ಹೇಳುತ್ತೇವೆ. ಪ್ರತಿಯೊಂದು ಅಭ್ಯಾಸಕ್ರಮವನ್ನೂ ಒಂದು ಕೋಣೆಯೆಂದು ಭಾವಿಸಿರಿ. ನಾವು ಸಾಮಾನ್ಯವಾಗಿ ಒಳಗೆ ಹೋಗುವ ಬಾಗಿಲನ್ನು ಮಾತ್ರ ನೋಡುತ್ತೇವೆ: ಎಷ್ಟು ಅಂಕ ಬೇಕು, ಶುಲ್ಕವೆಷ್ಟು, ಸ್ನೇಹಿತರು ಯಾರಿದ್ದಾರೆ. ನೋಡಬೇಕಾದದ್ದು ಹೊರಗೆ ಬರುವ ಬಾಗಿಲುಗಳನ್ನು. ಒಳ್ಳೆಯ ಅಭ್ಯಾಸಕ್ರಮಕ್ಕೆ ಹೊರಬಾಗಿಲುಗಳು ಎರಡಿರುತ್ತವೆ. ಒಂದು ಕೆಲಸದ ಕಡೆಗೆ ತೆರೆಯುತ್ತದೆ. ಇನ್ನೊಂದು ಹೆಚ್ಚಿನ ಓದಿನ ಕಡೆಗೆ ತೆರೆಯುತ್ತದೆ. ಕೆಲಸದ ಬಾಗಿಲು ಮಾತ್ರ ಇದ್ದರೆ ಮನುಷ್ಯನು ಹತ್ತು ವರ್ಷಗಳ ಮೇಲೆಯೂ ನಿಂತಲ್ಲಿಯೇ ನಿಲ್ಲುವ ಭಯವುಂಟು. ಓದಿನ ಬಾಗಿಲು ಮಾತ್ರ ಇದ್ದರೆ, ನಡುವೆ ಮನೆಗೆ ಕಷ್ಟ ಬಂದಾಗ ಕೈಯಲ್ಲಿ ಏನೂ ಇಲ್ಲದೆ ಹೊರಬೀಳಬೇಕಾಗುತ್ತದೆ.

ಇಂಥ ಎರಡು ಬಾಗಿಲ ವಿದ್ಯಾಲಯಗಳು ಬೇರೆ ದೇಶಗಳಲ್ಲಿಯೂ ಇವೆ. ಅಮೆರಿಕದ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ ೧೯೦೧ರಲ್ಲಿ ಎರಡು ವರ್ಷದ ಕಾಲೇಜೊಂದು ಪ್ರಾರಂಭವಾಯಿತು. ಅನಂತರ ಆ ದೇಶದಲ್ಲೆಲ್ಲ ಹಬ್ಬಿದ ಅಂಥ ಸಂಸ್ಥೆಗಳಿಗೆ ಸಮುದಾಯ ಕಾಲೇಜುಗಳೆಂದು ಹೆಸರಾಯಿತು. ಅಲ್ಲಿ ಕೆಲವರು ಎರಡು ವರ್ಷ ಓದಿ ನೇರವಾಗಿ ಕೆಲಸಕ್ಕೆ ಸೇರುತ್ತಾರೆ. ಕೆಲವರು ವಿಶ್ವವಿದ್ಯಾಲಯಕ್ಕೆ ಹೋಗಿ ಪದವಿಯನ್ನು ಪೂರ್ಣಗೊಳಿಸುತ್ತಾರೆ. ನಮ್ಮ ದೇಶದಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡುತ್ತ ಬಂದಿರುವವು ಔದ್ಯೋಗಿಕ ತರಬೇತಿ ಸಂಸ್ಥೆಗಳು, ಅಂದರೆ ನಾವೆಲ್ಲ ಐ.ಟಿ.ಐ. ಎನ್ನುವವು, ಮತ್ತು ಪಾಲಿಟೆಕ್ನಿಕ್‌ಗಳು. ಇವನ್ನು ಒಂದೊಂದಾಗಿ ನೋಡೋಣ.

ಐ.ಟಿ.ಐ.

ಕುಶಲ ಕೆಲಸಗಾರರನ್ನು ಸಿದ್ಧಪಡಿಸುವ ಯೋಜನೆಯನ್ನು ಭಾರತ ಸರಕಾರವು ೧೯೫೦ರಲ್ಲಿ ಆರಂಭಿಸಿತು. ಐ.ಟಿ.ಐ.ಗಳು ಆ ಯೋಜನೆಯ ಫಲ. ಇಲ್ಲಿ ‘ಟ್ರೇಡ್’ ಎಂದು ಕರೆಯಲ್ಪಡುವ ಒಂದೊಂದು ಕಸಬನ್ನು ಕಲಿಸುತ್ತಾರೆ. ಇಲೆಕ್ಟ್ರಿಶಿಯನ್, ಫಿಟ್ಟರ್, ಟರ್ನರ್, ಮಶಿನಿಸ್ಟ್ ಮೊದಲಾದವು ಎರಡು ವರ್ಷದ ಕಸಬುಗಳು. ವೆಲ್ಡರ್, ಪ್ಲಂಬರ್, ಆಹಾರ ತಯಾರಿಕೆ, ಕಂಪ್ಯೂಟರ್ ಆಪರೇಟರ್ ಮೊದಲಾದವು ಒಂದು ವರ್ಷದವು. ದಿನದ ಹೆಚ್ಚಿನ ವೇಳೆ ಕಾರ್ಯಶಾಲೆಯಲ್ಲಿ, ಅರ ಹಿಡಿದು, ತಂತಿ ಜೋಡಿಸಿ, ಯಂತ್ರದ ಮುಂದೆ ನಿಂತು ಕಳೆಯುತ್ತದೆ.

ಒಂದು ವರ್ಷದ ಕಸಬಿಗೂ ಎರಡು ವರ್ಷದ ಕಸಬಿಗೂ ಇರುವ ಭೇದವು ಕೇವಲ ಕಾಲದ್ದಲ್ಲ. ಹತ್ತನೆಯ ತರಗತಿಯಾದ ಮೇಲೆ ಎರಡು ವರ್ಷದ ಐ.ಟಿ.ಐ. ಮುಗಿಸಿದವನು ಅದಕ್ಕೆ ಸಂಬಂಧಪಟ್ಟ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಪ್ರವೇಶವನ್ನು ಕೇಳಬಹುದು. ಒಂದು ವರ್ಷದ ಕಸಬಿಗೆ ಈ ಸೌಕರ್ಯವಿಲ್ಲ. ಒಂದು ವರ್ಷದ್ದು ಬೇಗ ಕೆಲಸಕ್ಕೆ ಒಯ್ಯುತ್ತದೆ, ನಿಜ. ಆದರೆ ಅದರ ಓದಿನ ಬಾಗಿಲು ಕಿರಿದಾದುದು. ಸೇರುವ ಮೊದಲೇ ಇದನ್ನು ತಿಳಿದಿರಬೇಕು.

ಐ.ಟಿ.ಐ. ಮುಗಿದೊಡನೆ ಕಲಿಕೆ ಮುಗಿಯಿತೆಂದು ತಿಳಿಯಬಾರದು. ೧೯೬೧ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ದೊಡ್ಡ ಉದ್ಯಮಗಳು ಉಮೇದುವಾರರನ್ನು ತೆಗೆದುಕೊಂಡು, ಕೆಲಸ ಕಲಿಸುತ್ತ ಭತ್ಯವನ್ನೂ ಕೊಡಬೇಕು. ಪರೇಲ್, ಮಾಟುಂಗಾಗಳ ರೈಲ್ವೆ ಕಾರ್ಯಶಾಲೆಗಳು, ಮಜಗಾಂವಿನ ಹಡಗುಕಟ್ಟೆ ಮೊದಲಾದ ಕಡೆ ಹೀಗೆ ಕಲಿತವರು ಈ ನಗರದಲ್ಲಿ ಬಹುಮಂದಿ ಇದ್ದಾರೆ. ಉಮೇದುವಾರಿಯ ಕೊನೆಯಲ್ಲಿ ದೊರೆಯುವ ರಾಷ್ಟ್ರೀಯ ಪ್ರಮಾಣಪತ್ರವು ಐ.ಟಿ.ಐ. ಪ್ರಮಾಣಪತ್ರಕ್ಕೆ ಬಲವನ್ನು ಕೊಡುತ್ತದೆ.

ಪಾಲಿಟೆಕ್ನಿಕ್

ಹತ್ತನೆಯ ತರಗತಿಯ ಅನಂತರ ಮೂರು ವರ್ಷ ಓದಿ ಇಂಜಿನಿಯರಿಂಗ್ ಡಿಪ್ಲೊಮಾ ಪಡೆಯುವ ಸ್ಥಳ ಪಾಲಿಟೆಕ್ನಿಕ್. ಬಾಂದ್ರಾದಲ್ಲಿ ಸರಕಾರಿ ಪಾಲಿಟೆಕ್ನಿಕ್ ಇದೆ. ೧೮೮೭ರಲ್ಲಿ ಸ್ಥಾಪನೆಯಾಗಿ ಈಗ ಮಾಟುಂಗಾದಲ್ಲಿರುವ ವಿ.ಜೆ.ಟಿ.ಐ. ಸಂಸ್ಥೆಯು ಡಿಪ್ಲೊಮಾ ಶಿಕ್ಷಣಕ್ಕೂ ಹೆಸರಾದುದು. ಜುಹೂವಿನಲ್ಲಿ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಪಾಲಿಟೆಕ್ನಿಕ್ ಹೆಣ್ಣುಮಕ್ಕಳಿಗಾಗಿಯೇ ಇದೆ. ಕುಶಲ ಕೆಲಸಗಾರನಿಗೂ ಇಂಜಿನಿಯರನಿಗೂ ನಡುವಣ ಸ್ಥಾನವು ಡಿಪ್ಲೊಮಾ ಪಡೆದವನದು: ನಕ್ಷೆಯನ್ನು ಓದಿ, ಕೆಲಸವನ್ನು ಹಂಚಿ, ಮಾಡಿದ್ದನ್ನು ಅಳೆದು ನೋಡುವವನು ಅವನು.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಇಂಜಿನಿಯರಿಂಗ್ ಪದವಿಯನ್ನು ಪಡೆಯಬೇಕೆಂಬ ಮೂವರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳಿರಿ.

ಮೊದಲನೆಯವನು ೧೧ ಮತ್ತು ೧೨ನೆಯ ತರಗತಿಗಳನ್ನು ಓದಿ, ಅನಂತರ ನಾಲ್ಕು ವರ್ಷ ಕಾಲೇಜಿನಲ್ಲಿ ಓದುತ್ತಾನೆ. ಒಟ್ಟು ಆರು ವರ್ಷ.

ಎರಡನೆಯವನು ಮೂರು ವರ್ಷ ಡಿಪ್ಲೊಮಾ ಓದುತ್ತಾನೆ. ಡಿಪ್ಲೊಮಾ ಪಡೆದವರಿಗೆ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಉಂಟಾದುದರಿಂದ ಮುಂದೆ ಮೂರು ವರ್ಷ. ಇವನಿಗೂ ಒಟ್ಟು ಆರೇ ವರ್ಷ.

ಮೂರನೆಯವನು ಎರಡು ವರ್ಷ ಐ.ಟಿ.ಐ., ಎರಡು ವರ್ಷ ಡಿಪ್ಲೊಮಾ, ಮೂರು ವರ್ಷ ಪದವಿ ಹೀಗೆ ಓದುತ್ತಾನೆ. ಒಟ್ಟು ಏಳು ವರ್ಷ.

ಗುರಿ ಮೂವರಿಗೂ ಒಂದೇ. ಎರಡನೆಯವನಿಗೆ ಒಂದು ವರ್ಷವೂ ನಷ್ಟವಾಗಲಿಲ್ಲ. ಮೂರನೆಯವನಿಗೆ ಹೆಚ್ಚಾದದ್ದು ಒಂದೇ ವರ್ಷ. ಆದರೆ ನಡುವೆ ತಂದೆಯ ಕೆಲಸ ಹೋಯಿತೆಂದೋ, ಮನೆಯಲ್ಲಿ ಕಾಯಿಲೆ ಬಂದಿತೆಂದೋ ಓದು ನಿಲ್ಲಿಸಬೇಕಾಯಿತೆನ್ನೋಣ. ಮೊದಲನೆಯವನ ಕೈಯಲ್ಲಿ ಆಗ ಇರುವುದು ೧೨ನೆಯ ತರಗತಿಯ ಅಂಕಪಟ್ಟಿ. ಎರಡನೆಯವನ ಕೈಯಲ್ಲಿ ಮೂರು ವರ್ಷಕ್ಕೆ ಒಂದು ಡಿಪ್ಲೊಮಾ. ಮೂರನೆಯವನ ಕೈಯಲ್ಲಿ ಎರಡೇ ವರ್ಷಕ್ಕೆ ಒಂದು ಕಸಬು. ದೂರದ ಪ್ರಯಾಣದಲ್ಲಿ ನಡುವೆ ಇಳಿಯಬಹುದಾದ ನಿಲ್ದಾಣಗಳಿರುವ ಗಾಡಿಯೇ ಬಡವನಿಗೆ ಹಿತ. ನೇರ ಪ್ರವೇಶದ ಸ್ಥಾನಗಳು ಮಿತವಾಗಿರುತ್ತವೆ, ಒಳ್ಳೆಯ ಅಂಕ ಪಡೆದವರಿಗೇ ಅವು ದೊರೆಯುತ್ತವೆ ಎಂಬುದನ್ನು ಮಾತ್ರ ಮರೆಯಬಾರದು. ಕಸಬಿನ ಶಾಲೆಗೆ ಹೋದೆವೆಂದು ಗಣಿತವನ್ನು ಕಡೆಗಣಿಸಿದವನಿಗೆ ಮುಂದಿನ ಬಾಗಿಲು ತೆರೆಯುವುದಿಲ್ಲ.

೧೨ನೆಯ ತರಗತಿಯನ್ನು ಬಯಸುವ ವೃತ್ತಿಗಳೂ ಇವೆ. ದಾದಿಯರ ಶಿಕ್ಷಣವನ್ನು ಉದಾಹರಣೆಗೆ ತೆಗೆದುಕೊಳ್ಳಿರಿ. ಜನರಲ್ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷದ್ದು. ಅದನ್ನು ಮುಗಿಸಿ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಆಸ್ಪತ್ರೆಗಳಲ್ಲಿ ಕೆಲಸ ಮಾಡಬಹುದು. ಮನಸ್ಸಿದ್ದವರು ಮುಂದೆ ಎರಡು ವರ್ಷ ಓದಿ ಬಿ.ಎಸ್‌ಸಿ. ಪದವಿಯನ್ನೂ ಪಡೆಯಬಹುದು. ಇಲ್ಲಿಯೂ ಬಾಗಿಲುಗಳು ಎರಡು.

ಕೇಳಬೇಕಾದ ಐದು ಪ್ರಶ್ನೆಗಳು

ಒಂದು: ಮನ್ನಣೆ ಯಾರದು? ಪಾಲಿಟೆಕ್ನಿಕ್‌ಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಮನ್ನಣೆ ಇರಬೇಕು. ಐ.ಟಿ.ಐ.ಗೆ ಸರಕಾರದ ಮನ್ನಣೆ ಇದೆಯೇ, ಆ ಮನ್ನಣೆಯು ನೀವು ಸೇರುವ ಕಸಬಿಗೇ ಇದೆಯೇ ಎಂದು ವಿಚಾರಿಸಬೇಕು. ರೈಲ್ವೆ ನಿಲ್ದಾಣದ ಬಳಿಯ ಗೋಡೆಗಳ ಮೇಲೆ ‘ನೂರಕ್ಕೆ ನೂರು ಉದ್ಯೋಗ ಖಾತ್ರಿ’ ಎಂದು ಬರೆಯಿಸುವವರು ಬಹಳ. ಮನ್ನಣೆಯಿಲ್ಲದ ಸಂಸ್ಥೆಯ ಪ್ರಮಾಣಪತ್ರವು ಎಷ್ಟು ಬಣ್ಣದ್ದಾದರೂ ಸರಕಾರಿ ಅರ್ಜಿಯಲ್ಲಿ ಬರೆಯಲು ಬಾರದು. ಹಣ ಕಟ್ಟುವ ಮೊದಲು ಮನ್ನಣೆ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ ಹೆಸರನ್ನು ನೋಡಿರಿ.

ಎರಡು: ಈ ಕಸಬಿನವರನ್ನು ಯಾರು ಕರೆಯುತ್ತಾರೆ? ಮೂರು ತಿಂಗಳ ಕಾಲ ಪತ್ರಿಕೆಗಳಲ್ಲಿಯೂ ಸರಕಾರಿ ಜಾಲತಾಣಗಳಲ್ಲಿಯೂ ಬರುವ ಉದ್ಯೋಗ ಪ್ರಕಟಣೆಗಳನ್ನು ಓದಿರಿ. ಯಾವ ಕಸಬಿನ ಹೆಸರು ಎಷ್ಟು ಸಲ ಬಂದಿತೆಂದು ಗುರುತು ಹಾಕಿರಿ. ಜನರ ಬಾಯಿಮಾತಿಗಿಂತ ನಿಮ್ಮ ಗುರುತಿನ ಹಾಳೆ ಹೆಚ್ಚು ನಂಬತಕ್ಕದ್ದು.

ಮೂರು: ಕಸಬು ಒಂದೇ ಕಾರಖಾನೆಗೆ ಅಂಟಿಕೊಂಡಿದೆಯೇ? ೧೯೮೨ರ ದೊಡ್ಡ ಮುಷ್ಕರದ ಮೇಲೆ ಮುಂಬಯಿಯ ಎಷ್ಟೋ ಬಟ್ಟೆಗಿರಣಿಗಳು ಮತ್ತೆ ಮೊದಲಿನಂತೆ ನಡೆಯಲಿಲ್ಲ. ಒಂದೇ ಬಗೆಯ ಮಗ್ಗವನ್ನು ಮಾತ್ರ ಬಲ್ಲವನಿಗೆ ಗಿರಣಿಯ ಹೊರಗೆ ಆ ವಿದ್ಯೆಯನ್ನು ಕೊಳ್ಳುವವರು ಕಡಿಮೆ. ಫಿಟ್ಟರನ ಕೈಕೆಲಸವಾದರೋ ಗಿರಣಿಗೂ ಬೇಕು, ಹಡಗುಕಟ್ಟೆಗೂ ಬೇಕು, ಔಷಧ ತಯಾರಿಸುವಲ್ಲಿಗೂ ಬೇಕು. ಹಲವು ಕಡೆ ಸಲ್ಲುವ ಕಸಬನ್ನು ಆರಿಸುವುದು ಜಾಣತನ.

ನಾಲ್ಕು: ಪೂರ್ಣ ಖರ್ಚು ಎಷ್ಟು? ಶುಲ್ಕವೊಂದೇ ಖರ್ಚಲ್ಲ. ಪುಸ್ತಕ, ಉಪಕರಣ, ಸಮವಸ್ತ್ರ, ಲೋಕಲ್ ಗಾಡಿಯ ಪಾಸು ಎಲ್ಲವನ್ನೂ ಕೂಡಿಸಿರಿ. ವಿದ್ಯಾರ್ಥಿವೇತನಗಳನ್ನೂ, ರೈಲಿನ ರಿಯಾಯಿತಿ ಪಾಸನ್ನೂ ವಿಚಾರಿಸಿರಿ. ಸರಕಾರಿ ಸಂಸ್ಥೆಯಲ್ಲಿ ಶುಲ್ಕ ಕಡಿಮೆ. ಅಲ್ಲಿ ಸ್ಥಾನ ದೊರೆಯುವುದು ಹತ್ತನೆಯ ತರಗತಿಯ ಅಂಕಗಳ ಮೇಲೆ. ಆದುದರಿಂದ ಈ ವರ್ಷ ನೀವು ಹೆಚ್ಚು ಪಡೆಯುವ ಒಂದೊಂದು ಅಂಕವೂ ತಂದೆಯ ಜೇಬಿನಲ್ಲಿ ಉಳಿಯುವ ಹಣವೆಂದು ತಿಳಿಯಿರಿ.

ಐದು: ನನ್ನ ಒಲವು ಏನು? ಕೆಟ್ಟುಹೋದ ಫ್ಯಾನನ್ನು ಕಂಡರೆ ಬಿಚ್ಚಿ ನೋಡಬೇಕೆನಿಸುತ್ತದೆಯೇ? ರೋಗಿಯ ಬಳಿ ಕುಳಿತು ಸೇವೆ ಮಾಡುವ ತಾಳ್ಮೆ ಇದೆಯೇ? ನಾಲ್ಕು ಜನರಿಗೆ ರುಚಿಯಾಗಿ ಅಡಿಗೆ ಮಾಡಿ ಬಡಿಸುವುದರಲ್ಲಿ ಸಂತೋಷವಿದೆಯೇ? ಒಲವಿಲ್ಲದ ಕಸಬು ಹೊರೆಯಾಗುತ್ತದೆ.

ಭಾಷೆಯ ಅಂಜಿಕೆ

“ನಾವು ಕನ್ನಡದಲ್ಲಿ ಓದಿದವರು, ಅಲ್ಲಿ ಇಂಗ್ಲಿಷಿನಲ್ಲಿ ಪಾಠ ಮಾಡಿದರೆ ಏನು ಗತಿ?” ಎಂದು ನಿಮ್ಮಲ್ಲಿ ಕೆಲವರಿಗೆ ಅಂಜಿಕೆ ಇದೆ. ಓಮ್‌ನ ನಿಯಮವನ್ನು ಕನ್ನಡದಲ್ಲಿ ಸರಿಯಾಗಿ ತಿಳಿದವನಿಗೆ ಅದು ಇಂಗ್ಲಿಷಿನಲ್ಲಿ ಬಂದಾಗ ಹೊಸದಾಗಿ ಕಲಿಯಬೇಕಾದದ್ದು ಹೆಸರುಗಳನ್ನು ಮಾತ್ರ, ನಿಯಮವನ್ನಲ್ಲ. ಒಂದು ವಹಿಯಲ್ಲಿ ಮೂರು ಅಂಕಣಗಳನ್ನು ಎಳೆದು ಕನ್ನಡ, ಇಂಗ್ಲಿಷು, ಮರಾಠಿ ಮೂರರಲ್ಲಿಯೂ ಪಾರಿಭಾಷಿಕ ಪದಗಳನ್ನು ಬರೆದುಕೊಳ್ಳುತ್ತ ಹೋಗಿರಿ. ನಮ್ಮ ‘ರೋಧ’ವು ಇಂಗ್ಲಿಷಿನಲ್ಲಿ ರೆಸಿಸ್ಟನ್ಸ್, ಮರಾಠಿಯಲ್ಲಿಯೂ ರೋಧವೇ. ನಮ್ಮ ‘ವಿದ್ಯುತ್ ಪ್ರವಾಹ’ವು ಇಂಗ್ಲಿಷಿನಲ್ಲಿ ಕರೆಂಟ್, ಮರಾಠಿಯಲ್ಲಿಯೂ ವಿದ್ಯುತ್ ಪ್ರವಾಹವೇ. ‘ಒತ್ತಡ’ ಮಾತ್ರ ಇಂಗ್ಲಿಷಿನಲ್ಲಿ ಪ್ರೆಷರ್, ಮರಾಠಿಯಲ್ಲಿ ದಾಬ. ದಿನಕ್ಕೆ ಐದು ಪದಗಳಂತೆ ಬರೆದರೂ ಎರಡು ತಿಂಗಳ ರಜೆಯಲ್ಲಿ ಮುನ್ನೂರು ಪದಗಳಾಗುತ್ತವೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಕನ್ನಡದಲ್ಲಿ ಓದಿ ಮುಂದೆ ಬಂದ ಹಿರಿಯರು ಈ ನಗರದಲ್ಲಿ ಎಷ್ಟೋ ಮಂದಿ ಆಗಿಹೋಗಿದ್ದಾರೆ. ನಿಮಗೆ ಅವರಿಗಿಂತ ಹೆಚ್ಚಿನ ಅನುಕೂಲವುಂಟು.

ರಜೆಯಲ್ಲಿ ಮಾಡತಕ್ಕ ಅಭ್ಯಾಸ

ಈ ಲೇಖನವನ್ನು ಓದಿ ಬದಿಗಿಟ್ಟರೆ ಪ್ರಯೋಜನವಿಲ್ಲ. ಫಲಿತಾಂಶ ಬರುವ ಮೊದಲು ಮೂರು ಕೆಲಸಗಳನ್ನು ಮಾಡಿರಿ. ಮೊದಲನೆಯದಾಗಿ, ನಿಮಗೆ ಹಿಡಿಸಿದ ಎರಡು ಅಭ್ಯಾಸಕ್ರಮಗಳನ್ನು ಆರಿಸಿ, ಮೇಲಿನ ಐದು ಪ್ರಶ್ನೆಗಳಿಗೆ ಉತ್ತರವನ್ನು ಕಾಗದದ ಮೇಲೆ ಬರೆಯಿರಿ. ಎರಡನೆಯದಾಗಿ, ತಂದೆಯವರನ್ನೋ ತಾಯಿಯವರನ್ನೋ ಕರೆದುಕೊಂಡು ಆ ಸಂಸ್ಥೆಗೆ ಹೋಗಿ ಕಾರ್ಯಶಾಲೆಯನ್ನು ಕಣ್ಣಾರೆ ನೋಡಿರಿ. ಯಂತ್ರಗಳು ನಡೆಯುತ್ತಿವೆಯೋ, ಧೂಳು ಹಿಡಿದಿವೆಯೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಮೂರನೆಯದಾಗಿ, ಆ ಕಸಬಿನಲ್ಲಿ ಐದು ವರ್ಷ ಕೆಲಸ ಮಾಡಿದವರೊಬ್ಬರನ್ನು ಕಂಡು, ಅವರ ದಿನ ಹೇಗೆ ಕಳೆಯುತ್ತದೆಂದು ಕೇಳಿರಿ.

ಮನೆಯ ಹಿರಿಯರಿಗೆ ಬೇರೆ ಆಸೆಯಿದ್ದರೆ ಅವರೊಡನೆ ವಾದಿಸಬೇಡಿರಿ. ನೀವು ಬರೆದ ಉತ್ತರಗಳ ಕಾಗದವನ್ನು ಅವರ ಮುಂದಿಡಿರಿ. ಆರು ವರ್ಷದ ಲೆಕ್ಕವನ್ನು ವಿವರಿಸಿರಿ. ಮಕ್ಕಳು ವಿಚಾರಮಾಡಿ ಮಾತನಾಡುತ್ತಿದ್ದಾರೆಂದು ಕಂಡ ಮೇಲೆ ಕಿವಿಗೊಡದ ತಂದೆತಾಯಿಗಳು ವಿರಳ.

ಬಿಳಿಯ ಅಂಗಿಯ ಕೆಲಸವೇ ಮೇಲು, ಎಣ್ಣೆಯ ಕೈಯ ಕೆಲಸ ಕೀಳು ಎಂಬ ಭಾವನೆಯನ್ನು ಬಿಡಿರಿ. ದೀಪ ಆರಿದಾಗ ಇಡೀ ಚಾಳೇ ಎದುರುನೋಡುವುದು ಇಲೆಕ್ಟ್ರಿಶಿಯನನನ್ನು. ಯಾವ ಬಾಗಿಲನ್ನು ಹೊಕ್ಕರೂ ಅದು ಎಲ್ಲಿಗೆ ತೆರೆಯುತ್ತದೆಂದು ಅರಿತು ಹೊಗಿರಿ; ಹೊಕ್ಕ ಮೇಲೆ ಮನವಿಟ್ಟು ಕಲಿಯಿರಿ. ನಿಮ್ಮೆಲ್ಲರ ಪ್ರಯತ್ನಗಳು ಸಫಲವಾಗಲೆಂದು ಹಾರೈಸುತ್ತೇವೆ.