ಒಂಬತ್ತು ರಾತ್ರಿ ಬಾಗಿಲು ತಟ್ಟುವ ಹಬ್ಬ

ಓದಿಕೊಳ್ಳಿ: ಲೂಕ 2:1-7, ಮತ್ತಾಯ 25:31-46



ಕ್ರಿಸ್ಮಸ್ ಹತ್ತಿರವಾದಂತೆ ನಾವು ಗೋದಲಿ ಕಟ್ಟುತ್ತೇವೆ, ನಕ್ಷತ್ರ ತೂಗುಹಾಕುತ್ತೇವೆ, ಕ್ಯಾರಲ್ ಹಾಡುತ್ತಾ ಮನೆಮನೆಗೆ ಹೋಗುತ್ತೇವೆ. ಮೆಕ್ಸಿಕೋ ದೇಶದ ಕಥೋಲಿಕರೂ ಹಾಡುತ್ತಾ ಹೋಗುತ್ತಾರೆ. ಆದರೆ ಅವರ ಹಾಡಿಗೆ ಮೊದಲು ಸಿಗುವ ಉತ್ತರ, ಇಲ್ಲಿ ಜಾಗವಿಲ್ಲ ಎಂಬುದು. ಈ ಹಬ್ಬದ ಹೆಸರು ಲಾಸ್ ಪೊಸಾದಾಸ್. ಸ್ಪ್ಯಾನಿಷ್ ಭಾಷೆಯಲ್ಲಿ ಪೊಸಾದಾ ಎಂದರೆ ತಂಗುವ ಮನೆ, ಛತ್ರ.

ಹಬ್ಬ ನಡೆಯುವ ಬಗೆ

ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ ಈ ಹಬ್ಬ. ಮಾತೆ ಮರಿಯಮ್ಮನವರು ಪ್ರಭುವನ್ನು ಹೊತ್ತ ಒಂಬತ್ತು ತಿಂಗಳ ನೆನಪು ಇದು. ಮರಿಯಮ್ಮನವರ ಮತ್ತು ಸಂತ ಜೋಸೆಫರ ಸ್ವರೂಪಗಳನ್ನು ಹೊತ್ತು, ಮೇಣದಬತ್ತಿ ಹಿಡಿದು ಜನರು ಕೇರಿಯಲ್ಲಿ ಮೆರವಣಿಗೆ ಹೋಗುತ್ತಾರೆ. ಗೊತ್ತುಮಾಡಿದ ಮನೆಯ ಮುಂದೆ ನಿಂತು, ಜೋಸೆಫರ ಪರವಾಗಿ ತಂಗಲು ಜಾಗ ಕೇಳಿ ಹಾಡುತ್ತಾರೆ. ಬಾಗಿಲ ಒಳಗಿನ ತಂಡ ಹಾಡಿನಲ್ಲೇ ನಿರಾಕರಿಸುತ್ತದೆ. ಕೊನೆಗೆ ಬಾಗಿಲು ತೆರೆಯುತ್ತದೆ. ಪ್ರಾರ್ಥನೆಯಾದ ಮೇಲೆ ಎಲ್ಲರಿಗೂ ತಿಂಡಿ, ಬಿಸಿ ಪಾನಕ. ಮಕ್ಕಳು ಕಣ್ಣು ಕಟ್ಟಿಕೊಂಡು, ತೂಗುಹಾಕಿದ ಪಿನ್ಯಾತಾವನ್ನು ಕೋಲಿನಿಂದ ಒಡೆಯುತ್ತಾರೆ. ಅದರ ಏಳು ಕೊಂಬುಗಳು ಏಳು ಮೂಲಪಾಪಗಳ ಗುರುತು. ಒಳಗಿಂದ ಉದುರುವ ಹಣ್ಣು, ಮಿಠಾಯಿ ದೇವರ ಕೃಪೆಯ ಗುರುತು.

16ನೇ ಶತಮಾನದ ಕೊನೆಯಲ್ಲಿ ಅಕೋಲ್ಮಾನ್ ಊರಿನ ಅಗಸ್ಟೀನಿಯನ್ ಸಭೆಯ ಯಾಜಕ ಡಿಯೆಗೊ ದೆ ಸೋರಿಯಾ, ಕ್ರಿಸ್ಮಸ್‌ಗೆ ಮುಂಚಿನ ಒಂಬತ್ತು ದಿನ ವಿಶೇಷ ಬಲಿಪೂಜೆ ನಡೆಸಲು ಪೋಪ್ ಐದನೇ ಸಿಕ್ಸ್ಟಸ್ ಅವರಿಂದ ಅಪ್ಪಣೆ ಪಡೆದರು. ದೇವಾಲಯದ ಅಂಗಳದಲ್ಲಿ ಆರಂಭವಾದ ಆಚರಣೆ ಮುಂದೆ ಜನರ ಮನೆಬಾಗಿಲಿಗೆ ಬಂತು.

ಶುಭಸಂದೇಶದ ಬೆಳಕಿನಲ್ಲಿ

ಲೂಕನ ಶುಭಸಂದೇಶವನ್ನು ಗಮನವಿಟ್ಟು ಓದೋಣ. ಛತ್ರದಲ್ಲಿ ಜಾಗವಿರಲಿಲ್ಲ ಎಂದಷ್ಟೇ ಅಲ್ಲಿದೆ. ಬಾಗಿಲು ಮುಚ್ಚಿದವನ ಹೆಸರಿಲ್ಲ, ಮಾತಿಲ್ಲ. ಆ ಪಾತ್ರವನ್ನು ಪೊಸಾದಾಸ್ ಹಬ್ಬದಲ್ಲಿ ವಿಶ್ವಾಸಿಗಳೇ ವಹಿಸುತ್ತಾರೆ.

ಹಾಡಿನಲ್ಲಿ ಒಳಗಿನವರ ಕಾರಣಗಳೂ ನಮಗೆ ಪರಿಚಿತವೇ. ನೀವು ಕಳ್ಳರಿರಬಹುದು, ನಮಗೆ ನಿದ್ದೆ ಬಂದಿದೆ, ನಿಮ್ಮ ಹೆಸರು ನಮಗೆ ಬೇಕಿಲ್ಲ ಎನ್ನುತ್ತಾರೆ. ಬಂದವರು ಜೋಸೆಫ್ ಮತ್ತು ಮರಿಯ ಎಂದು ತಿಳಿದಾಗ ಮಾತ್ರ, ಗುರುತು ಸಿಗಲಿಲ್ಲವೆಂದು ಹೇಳಿ ಒಳಗೆ ಕರೆಯುತ್ತಾರೆ. ಮತ್ತಾಯ 25ರಲ್ಲಿ ಪ್ರಭು ಇದಕ್ಕಿಂತ ಹೆಚ್ಚಿನದನ್ನು ಕೇಳುತ್ತಾರೆ. ಅಲ್ಲಿ ಆಶೀರ್ವಾದ ಪಡೆದವರು ಗುರುತು ಹಿಡಿದು ಬಾಗಿಲು ತೆರೆದವರಲ್ಲ. ಬಂದವರು ಯಾರೆಂದು ತಿಳಿಯದೆಯೇ ತೆರೆದವರು.

ನಮ್ಮ ಬಾಗಿಲು

ಹೊರಗೆ ನಿಂತವರ ಅನುಭವ ನಮಗೆ ಹೊಸದಲ್ಲ. ಹಲವು ಭಾಷೆಗಳ ಈ ಧರ್ಮಕ್ಷೇತ್ರದಲ್ಲಿ ಕನ್ನಡದ ನಾವು ಕೆಲವೇ ಕುಟುಂಬಗಳು. ಕನ್ನಡದಲ್ಲಿ ಒಂದು ಬಲಿಪೂಜೆ, ಮಕ್ಕಳಿಗೆ ಕನ್ನಡದಲ್ಲಿ ಧರ್ಮೋಪದೇಶ ಬೇಕೆಂದಾಗ, ನೀವು ಎಷ್ಟು ಮನೆ ಇದ್ದೀರಿ ಎಂಬ ಪ್ರಶ್ನೆ ಕೇಳಿಸಿಕೊಂಡಿದ್ದೇವೆ. ಆ ನೋವು ನಿಜ.

ಆದರೆ ಅದನ್ನೇ ಹಿಡಿದು ಕೂತರೆ, ನಾವೂ ಒಂದು ಬಾಗಿಲ ಒಳಗಿದ್ದೇವೆ ಎಂಬುದು ಮರೆತುಹೋಗುತ್ತದೆ. ಜಾರ್ಖಂಡ್, ಒಡಿಶಾ ಕಡೆಯಿಂದ ದುಡಿಯಲು ಬಂದವರು ಭಾನುವಾರ ಹಿಂದಿನ ಸಾಲಿನಲ್ಲಿ ಕೂತು, ಪೂಜೆ ಮುಗಿದೊಡನೆ ಸುಮ್ಮನೆ ಹೊರಟುಹೋಗುತ್ತಾರೆ. ಅವರ ಹೆಸರು, ಊರು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಭಾಷೆ ಬರುವುದಿಲ್ಲ ಎನ್ನುವುದು ನಮ್ಮ ಕಾರಣ. ನಮಗೂ ಅದೇ ಕಾರಣ ಹೇಳಿದವರಿದ್ದರು.

ಮನನಕ್ಕೆ

1. ನಮಗೆ ಬಾಗಿಲು ತೆರೆದವರು ಯಾರು? ಅವರಿಗಾಗಿ ಪ್ರಾರ್ಥಿಸಿದ್ದೇವೆಯೇ?
2. ಬಾಗಿಲು ತೆರೆಯದಿರಲು ನಾವು ಕೊಡುವ ಕಾರಣಗಳು ಯಾವುವು?
3. ಈ ಡಿಸೆಂಬರ್ 16ರಿಂದ 24ರೊಳಗೆ, ನಮ್ಮ ಭಾಷೆಯವರಲ್ಲದ ಒಂದು ಕುಟುಂಬವನ್ನು ಒಂದು ಸಂಜೆ ಕಾಫಿಗೆ ಕರೆಯೋಣವೇ? ಒಟ್ಟಿಗೆ ಜಪಸರ ಹೇಳುವಾಗ ಅವರು ಅವರ ಭಾಷೆಯಲ್ಲಿ, ನಾವು ನಮ್ಮ ಭಾಷೆಯಲ್ಲಿ ಹೇಳಿದರೂ ಸಾಕು.

ಬಾಗಿಲು ಹುಡುಕುತ್ತಾ ನಡೆದ ಮಾತೆ ಮರಿಯಮ್ಮನವರೇ, ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ.