ಕಡಲಾಚೆಯ ಬದುಕು

ಉಡುಪಿಯಿಂದ ಕೆಮ್ಮಣ್ಣಿನ ಮಾರ್ಗವಾಗಿ ಪಡುವಣಕ್ಕೆ ಸಾಗಿದರೆ ಹೂಡೆ ಎಂಬ ಊರು ಸಿಗುತ್ತದೆ. ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸ್ವರ್ಣಾ ನದಿ; ನಡುವೆ ತೆಂಗಿನ ಮರಗಳಿಂದ ಕಿಕ್ಕಿರಿದ ಕಿರಿದಾದ ನೆಲ. ಉತ್ತರದ ತುದಿಯಲ್ಲಿ, ಕೋಡಿಬೆಂಗ್ರೆಯ ಬಳಿ, ಸೀತಾ ಮತ್ತು ಸ್ವರ್ಣಾ ನದಿಗಳು ಕಡಲನ್ನು ಕೂಡುತ್ತವೆ. ಹಲವು ಮತಗಳ, ಹಲವು ಮನೆಮಾತುಗಳ ಜನರು ನೆರೆಹೊರೆಯಾಗಿ ಬಾಳುವ ಈ ಕರಾವಳಿಗೆ ಕಡಲಾಚೆಯ ನಾಡುಗಳು ಅಪರಿಚಿತವಲ್ಲ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರನ್ನು ಇಲ್ಲಿನ ಮನೆಮನೆಗಳೂ ಬಲ್ಲವು.

ಈ ಹೋಗಿಬರುವಿಕೆ ಇಂದು ನಿನ್ನೆಯದಲ್ಲ. ಸೀತಾನದಿಯ ದಡದ ಬಾರಕೂರು ಒಂದು ಕಾಲದಲ್ಲಿ ಹೆಸರಾಂತ ವ್ಯಾಪಾರಕೇಂದ್ರವಾಗಿತ್ತು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಅದನ್ನು ‘ಫಾಕನೂರ್’ ಎಂಬ ಹೆಸರಿನಿಂದ ಬಣ್ಣಿಸಿದ್ದಾನೆ. ಅದಕ್ಕೂ ಮೊದಲು, 12ನೆಯ ಶತಮಾನದಲ್ಲಿ, ಬೆನ್ ಯಿಜು ಎಂಬ ಯೆಹೂದಿ ವರ್ತಕನು ಉತ್ತರ ಆಫ್ರಿಕದಿಂದ ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು ಸುಮಾರು 17 ವರ್ಷ ನೆಲೆಸಿದ್ದನು. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿ, ಆಶು ಎಂಬ ಈ ನೆಲದ ಹೆಣ್ಣನ್ನು ವರಿಸಿ, ಕೊನೆಗೆ 1149ರಲ್ಲಿ ಏಡನ್ನಿಗೆ ಮರಳಿದನು. ಇಂದು ನಮ್ಮವರು ಅಲ್ಲಿ ಅನುಭವಿಸುವ ಪರಕೀಯತೆಯನ್ನು ಅಂದು ಅವನು ಇಲ್ಲಿ ಅನುಭವಿಸಿದ್ದಿರಬೇಕು.

ಕಳೆದ ಶತಮಾನದಲ್ಲಿ ಕರಾವಳಿಯ ತರುಣರು ಮೊದಲು ಅರಸಿ ಹೋದುದು ಮುಂಬಯಿಯನ್ನು. ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಹಡಗುಗಳಿದ್ದವು. ‘ದ್ವಾರಕಾ’ ಎಂಬ ಹಡಗು 1982ರವರೆಗೂ ಆ ದಾರಿಯಲ್ಲಿ ಓಡಾಡಿತು. 1973ರಲ್ಲಿ ಕಚ್ಚಾ ಎಣ್ಣೆಯ ಬೆಲೆ ಒಮ್ಮೆಲೇ ಏರಿದಾಗ ಕೊಲ್ಲಿ ರಾಷ್ಟ್ರಗಳಿಗೆ ಅಪಾರ ಸಂಪತ್ತು ಹರಿದುಬಂದಿತು. ರಸ್ತೆ, ಬಂದರು, ಆಸ್ಪತ್ರೆ, ನಗರಗಳನ್ನು ಕಟ್ಟಲು ಹೊರನಾಡಿನ ಕೈಗಳು ಬೇಕಾದವು. ಬಡಗಿಗಳು, ಚಾಲಕರು, ಗುಮಾಸ್ತರು, ದಾದಿಯರು, ಎಂಜಿನಿಯರರು ಹೊರಟರು.

ಹೊಸದಾಗಿ ಹೋದವನಿಗೆ ಮೊದಲ ಪಾಠ ಕಲಿಸುವುದು ಅಲ್ಲಿನ ಪ್ರಕೃತಿ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ; ದುಬೈಯಲ್ಲಿ ಸುಮಾರು 100 ಮಿಲಿಮೀಟರ್ ಮಾತ್ರ. ಆಷಾಢದ ಮಳೆಯ ಸದ್ದಿಗೆ ಮಲಗಿದವನು 45 ಡಿಗ್ರಿಯ ಬಿಸಿಲಿಗೆ ಮೈಯೊಡ್ಡಬೇಕು. ಬೇಸಗೆಯಲ್ಲಿ ನಡುಹಗಲಿನ ಬಯಲುಕೆಲಸವನ್ನು ಅಲ್ಲಿನ ಕಾನೂನೇ ನಿಷೇಧಿಸಿದೆ ಎಂದ ಮೇಲೆ ಆ ಬಿಸಿಲಿನ ಉಗ್ರತೆಯನ್ನು ಊಹಿಸಬಹುದು.

ಎರಡನೆಯ ಪಾಠ ಮಾತಿನದು, ನಡೆಯದು. ಹೂಡೆಯ ಮುಸ್ಲಿಮ್ ತರುಣನಿಗೆ ನಮಾಜೂ ಸಲಾಮೂ ಪರಿಚಿತವೇ. ಆದರೆ ಬೀದಿಯ ಅರಬ್ಬಿ ಅವನಿಗೂ ಹೊಸದು. ರಂಜಾನ್ ತಿಂಗಳಿನಲ್ಲಿ ಉಪವಾಸವಿಲ್ಲದವನೂ ಹಗಲು ಹತ್ತು ಮಂದಿಯ ಮುಂದೆ ತಿನ್ನದೆ, ಆತಿಥೇಯರ ಭಾವನೆಯನ್ನು ಗೌರವಿಸಬೇಕು. ಒಂದೇ ಕೋಣೆಯಲ್ಲಿ ಕೇರಳದವನು, ಪಾಕಿಸ್ತಾನದವನು, ಬಾಂಗ್ಲಾದೇಶದವನು ಜತೆಗಿರುತ್ತಾರೆ. ಮುರುಕು ಹಿಂದಿಯಲ್ಲಿ ಮಾತು ಸಾಗುತ್ತದೆ. ಒಬ್ಬನು ಅನ್ನ ಬೇಯಿಸಿದರೆ ಇನ್ನೊಬ್ಬನು ಮೀನಿಗೆ ಮಸಾಲೆ ಅರೆಯುತ್ತಾನೆ. ತಾಯ್ನಾಡಿನಲ್ಲಿ ಎಂದೂ ಭೇಟಿಯಾಗದ ಜನರು ಹೀಗೆ ಒಂದೇ ಒಲೆಯ ಬಳಗವಾಗುತ್ತಾರೆ.

ಹೊಂದಿಕೊಳ್ಳುವುದೆಂದರೆ ತನ್ನತನವನ್ನು ತೊರೆಯುವುದೆಂದು ಅರ್ಥವಲ್ಲ. ಅಬುಧಾಬಿ, ಶಾರ್ಜಾ, ಕತಾರ್ ಮೊದಲಾದೆಡೆಗಳಲ್ಲಿ ಕನ್ನಡಿಗರು ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಮರಳುಗಾಡಿನ ನಗರಗಳಲ್ಲಿ ರಾಜ್ಯೋತ್ಸವ ನಡೆಯುತ್ತದೆ, ಯಕ್ಷಗಾನದ ಚೆಂಡೆಯೂ ಕೇಳಿಬರುತ್ತದೆ.

ಆದರೆ ಈ ವಲಸೆಗೆ ಒಂದು ಎಲ್ಲೆಯುಂಟು. ಅಲ್ಲಿ ವಾಸದ ಪರವಾನಗಿ ಸಾಮಾನ್ಯವಾಗಿ ಉದ್ಯೋಗಕ್ಕೆ ಅಂಟಿಕೊಂಡಿರುತ್ತದೆ. ಎಷ್ಟೇ ವರ್ಷ ದುಡಿದರೂ ಪೌರತ್ವ ದೊರೆಯುವುದು ಅತಿ ವಿರಳ. ಇತ್ತೀಚೆಗೆ ಕೆಲವು ದೇಶಗಳು ದೀರ್ಘಾವಧಿಯ ವಾಸಕ್ಕೆ ಅವಕಾಶ ನೀಡಿದ್ದರೂ ಸಾಮಾನ್ಯ ದುಡಿಮೆಗಾರನ ಕೈಗೆ ಅದು ಎಟುಕದು. ನೆಲೆಯೆಂದು ನಂಬಿದ್ದು ಹಠಾತ್ತನೆ ಕುಸಿಯುವುದೂ ಉಂಟು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿದಾಗ ಲಕ್ಷಕ್ಕೂ ಮಿಕ್ಕ ಭಾರತೀಯರು ಅಲ್ಲಿಂದ ಹೊರಡಬೇಕಾಯಿತು. ಅವರಲ್ಲಿ ಬಹುಮಂದಿ ಮರುಭೂಮಿಯನ್ನು ದಾಟಿ ಜೋರ್ಡಾನಿನ ಅಮ್ಮಾನ್ ನಗರವನ್ನು ಸೇರಿ, ಅಲ್ಲಿಂದ ವಿಮಾನದಲ್ಲಿ ತಾಯ್ನಾಡಿಗೆ ಮರಳಿದರು.

ಆದುದರಿಂದ ಕೊಲ್ಲಿಗೆ ಹೋದವನು ಎರಡು ಬಾರಿ ಹೊಂದಿಕೊಳ್ಳಲು ಕಲಿಯಬೇಕು: ಅಲ್ಲಿಗೆ ಹೋದಾಗ ಒಮ್ಮೆ, ಹಿಂದಿರುಗಿದಾಗ ಇನ್ನೊಮ್ಮೆ. ಎರಡನೆಯದೇ ಹೆಚ್ಚು ಕಠಿಣ. ಏಕೆಂದರೆ ತನ್ನೂರಿನಲ್ಲಿ ಕಲಿಯಬೇಕಾದುದೇನೂ ಇಲ್ಲವೆಂದು ಅವನು ಭಾವಿಸಿರುತ್ತಾನೆ. ರಜೆಯಲ್ಲಿ ಬಂದ ತಂದೆಯನ್ನು ಎಳೆಯ ಮಗು ಅಜ್ಜಿಯ ಸೆರಗಿನ ಮರೆಯಿಂದ ನೋಡುತ್ತದೆ. ಕೆಲಸ ಮುಗಿಸಿ ಶಾಶ್ವತವಾಗಿ ಮರಳುವ ಹೊತ್ತಿಗೆ ಆ ಮಗು ಬೆಳೆದು ದೊಡ್ಡದಾಗಿರುತ್ತದೆ. ಮನೆಯ ಲೆಕ್ಕಪತ್ರ, ಮಕ್ಕಳ ಓದು, ಹಿರಿಯರ ಆರೈಕೆ, ಪಂಚಾಯತಿಯ ವ್ಯವಹಾರ ಎಲ್ಲವನ್ನೂ ಹೆಂಡತಿ ಒಬ್ಬಳೇ ನಿಭಾಯಿಸಿರುತ್ತಾಳೆ. ಮನೆ ಕಟ್ಟಿಸಿದ ಹಣ ಅವನದು. ಆ ಮನೆಯನ್ನು ನಡೆಸಿದ ವಿವೇಕ ಅವಳದು. ತಾನು ಬಂದೊಡನೆ ಎಲ್ಲವೂ ತನ್ನ ಇಚ್ಛೆಯಂತೆ ನಡೆಯಬೇಕೆಂದರೆ ಮನೆ ಕದಡುತ್ತದೆ. ಅಲ್ಲಿಯೇ ಬೆಳೆದ ಮಕ್ಕಳ ಪಾಡು ಬೇರೊಂದು ಬಗೆಯದು. ಅವರಲ್ಲಿ ಕೆಲವರಿಗೆ ಬಸ್ಸಿನ ಕನ್ನಡ ಫಲಕವನ್ನು ಓದುವುದೂ ಕಷ್ಟ.

ಪರದೇಶದಲ್ಲಿ ಮೊದಲ ದಿನ ಅವನು ಸುಮ್ಮನೆ ನಿಂತು ನೋಡಿದನು, ಕೇಳಿದನು, ತಿಳಿಯದುದನ್ನು ನಾಚದೆ ವಿಚಾರಿಸಿದನು. ಆ ವಿನಯವನ್ನು ಗಂಟಿನೊಡನೆ ಊರಿಗೂ ತಂದವನು ಧನ್ಯ. ಅವನಿಗೆ ಹೂಡೆಯ ಕಡಲತೀರದಲ್ಲಿ ಎರಡನೆಯ ಬಾರಿಗೆ ನೆಲೆ ದೊರೆಯುತ್ತದೆ.

ಅಭ್ಯಾಸ

1. ಬೆನ್ ಯಿಜುವಿನ ಬದುಕಿಗೂ ಇಂದಿನ ವಲಸಿಗರ ಬದುಕಿಗೂ ಇರುವ ಹೋಲಿಕೆಯೇನು?
2. 1973ರ ಬಳಿಕ ಕೊಲ್ಲಿ ರಾಷ್ಟ್ರಗಳಿಗೆ ವಲಸೆ ಹೆಚ್ಚಲು ಕಾರಣವೇನು?
3. ಹಿಂದಿರುಗಿದಾಗ ಹೊಂದಿಕೊಳ್ಳುವುದು ಹೆಚ್ಚು ಕಠಿಣವೇಕೆ? ವಿವರಿಸಿರಿ.
4. ನಿಮ್ಮ ಊರಿನಿಂದ ಹೊರನಾಡಿಗೆ ಹೋಗಿ ಮರಳಿದ ಹಿರಿಯರೊಬ್ಬರನ್ನು ಕಂಡು, ಅವರ ಅನುಭವವನ್ನು ಒಂದು ಪುಟದಲ್ಲಿ ಬರೆಯಿರಿ.