ರೇಡಿಯೋ ನಿಯಂತ್ರಣದ ಮಾದರಿ ಲಾರಿ: ಒಂದು ಅಧ್ಯಯನ

ಪೀಠಿಕೆ

ದೊಡ್ಡ ವಸ್ತುವನ್ನು ಕಿರಿದಾಗಿಸಿ ಕಣ್ಣೆದುರು ನಿಲ್ಲಿಸಿಕೊಳ್ಳಬೇಕೆಂಬ ಹಂಬಲ ಮಾನವನಲ್ಲಿ ಬಹು ಪ್ರಾಚೀನವಾದುದು. ಚಾಲುಕ್ಯ, ಹೊಯ್ಸಳ ದೇವಾಲಯಗಳ ಹೊರಗೋಡೆಗಳನ್ನು ಗಮನಿಸಿದವರಿಗೆ ಅಲ್ಲಿ ಕೆತ್ತಿರುವ ಕಿರುಶಿಖರಗಳ ಪರಿಚಯವಿದ್ದೇ ಇರುತ್ತದೆ. ಆ ಕಿರುಶಿಖರಕ್ಕೆ ನೋಟವೇ ಧರ್ಮ. ಅದು ಯಾವ ಭಾರವನ್ನೂ ಹೊರಬೇಕಾಗಿಲ್ಲ. ಆದರೆ ಮಾದರಿಯೊಂದು ಮೂಲವಸ್ತುವಿನಂತೆ ಕಾಣುವುದರ ಜೊತೆಗೆ ಅದರಂತೆ ನಡೆಯಲೂ ಬೇಕು, ಭಾರವನ್ನು ಎಳೆಯಲೂ ಬೇಕು ಎಂದಾಗ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ರೇಡಿಯೋ ನಿಯಂತ್ರಣದ ದೊಡ್ಡ ಗಾತ್ರದ ಮಾದರಿ ಲಾರಿ ಇಂತಹ ವಸ್ತು.

ಇದನ್ನು ಶ್ರೀಮಂತರ ಆಟಿಕೆಯೆಂದು ತಳ್ಳಿಹಾಕುವವರುಂಟು. ಅಂಗಡಿಯಿಂದ ಸಿದ್ಧವಾಗಿಯೇ ತಂದು ಓಡಿಸುವವರ ಮಟ್ಟಿಗೆ ಆ ಮಾತು ಸಲ್ಲಬಹುದು. ಬಿಡಿಭಾಗಗಳನ್ನು ಒಂದೊಂದಾಗಿ ಜೋಡಿಸಿ, ತನ್ನ ಕೈಯಿಂದ ಅದನ್ನು ಪರಿಷ್ಕರಿಸುವವನಿಗಾದರೋ ಇದು ಯಂತ್ರಶಾಸ್ತ್ರದ ಪಾಠಶಾಲೆ. ಆ ಪಾಠದ ಸಾರ ಇಷ್ಟೆ: ಅಳತೆಗೋಲನ್ನು ಕುಗ್ಗಿಸಿದ ಮಾತ್ರಕ್ಕೆ ಪ್ರಕೃತಿಯ ನಿಯಮಗಳು ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಆದುದರಿಂದ ಎಲ್ಲಿ ಮೂಲವನ್ನು ಅನುಸರಿಸಬೇಕು, ಎಲ್ಲಿ ಅದನ್ನು ಬಿಟ್ಟು ನಡೆಯಬೇಕು ಎಂಬ ವಿವೇಚನೆಯೇ ಈ ಕಲೆಯ ಜೀವಾಳ.

ಬೆಳೆದು ಬಂದ ದಾರಿ

ತಂತಿಯ ಸಂಪರ್ಕವಿಲ್ಲದೆ ದೂರದಿಂದ ಯಂತ್ರವೊಂದನ್ನು ನಡೆಸಬಹುದೆಂದು ಸಾರ್ವಜನಿಕರೆದುರು ತೋರಿಸಿಕೊಟ್ಟವನು ನಿಕೊಲಾ ಟೆಸ್ಲಾ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ಅವನು ಚಿಕ್ಕ ದೋಣಿಯೊಂದನ್ನು ರೇಡಿಯೋ ಅಲೆಗಳ ಮೂಲಕ ನಡೆಸಿದನು. ಅದೇ ವರ್ಷ ನವೆಂಬರ್ 8ರಂದು ಅದಕ್ಕೆ ಅಮೆರಿಕದ ಪೇಟೆಂಟು ದೊರೆಯಿತು.

ಮಾದರಿ ವಾಹನಗಳ ಕ್ಷೇತ್ರದಲ್ಲಿ ಜಪಾನಿನ ಷಿಜುಓಕಾ ನಗರದ ಹೆಸರು ಚಿರಪರಿಚಿತ. ಅಲ್ಲಿನ ತಮಿಯಾ ಸಂಸ್ಥೆ 1946ರಲ್ಲಿ ಮರದ ದಿಮ್ಮಿ ಕೊಯ್ಯುವ ಉದ್ಯಮವಾಗಿ ಹುಟ್ಟಿ, ಕೆಲವೇ ವರ್ಷಗಳಲ್ಲಿ ಮರದ ಮಾದರಿಗಳ ತಯಾರಿಕೆಗೂ ಕೈಹಾಕಿತು. 1960ರಲ್ಲಿ ಅದು ತನ್ನ ಮೊದಲ ಪ್ಲಾಸ್ಟಿಕ್ ಮಾದರಿಯಾದ ‘ಯಮಾಟೊ’ ಯುದ್ಧನೌಕೆಯನ್ನು ಹೊರತಂದಿತು. 1976ರಲ್ಲಿ ಬಂದ ‘ಪೋರ್ಷೆ 934’ ಅದರ ಮೊದಲ ರೇಡಿಯೋ ನಿಯಂತ್ರಣದ ಕಾರು. ಈ ಕಾರಿನ ಹಿನ್ನೆಲೆಯಲ್ಲಿರುವ ಒಂದು ಸಂಗತಿ ಶಿಕ್ಷಕರು ಗಮನಿಸತಕ್ಕದ್ದು. ಪೋರ್ಷೆಯ ರಚನೆಯನ್ನು ಸರಿಯಾಗಿ ಅರಿಯಬೇಕೆಂದು ಸಂಸ್ಥೆಯ ಷುನ್ಸಾಕು ತಮಿಯಾ ಅವರು ನಿಜವಾದ ಪೋರ್ಷೆ 911 ಕಾರೊಂದನ್ನೇ ಕೊಂಡು, ಅದನ್ನು ಭಾಗಭಾಗವಾಗಿ ಬಿಚ್ಚಿ ಅಭ್ಯಸಿಸಿದರು. ಮತ್ತೆ ಜೋಡಿಸುವುದಕ್ಕೆ ಪೋರ್ಷೆಯ ತಂತ್ರಜ್ಞರ ನೆರವನ್ನು ಪಡೆಯಬೇಕಾಯಿತು. ಕಿರಿದನ್ನು ಮಾಡುವವನಿಗೆ ಹಿರಿದರ ಜ್ಞಾನ ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಇದೇ ಸಂಸ್ಥೆ 1993ರಲ್ಲಿ ‘ಕಿಂಗ್ ಹಾಲರ್’ ಎಂಬ ಅಮೆರಿಕನ್ ಶೈಲಿಯ ಲಾರಿಯಿಂದ ಆರಂಭಿಸಿದ 14ರಲ್ಲಿ 1 ಪ್ರಮಾಣದ ಲಾರಿಗಳ ಶ್ರೇಣಿ ಇಂದು ಲೋಕದಾದ್ಯಂತ ಹವ್ಯಾಸಿಗಳಿಗೆ ಪರಿಚಿತವಾಗಿದೆ.

ಪ್ರಮಾಣದ ರಹಸ್ಯ

14ರಲ್ಲಿ 1 ಎಂದರೆ ಉದ್ದ, ಅಗಲ, ಎತ್ತರ ಮೂರನ್ನೂ 14ರಿಂದ ಭಾಗಿಸುವುದು. 2.5 ಮೀಟರ್ ಅಗಲದ ಲಾರಿ ಇಲ್ಲಿ ಸುಮಾರು 18 ಸೆಂಟಿಮೀಟರ್ ಆಗುತ್ತದೆ. ಇಲ್ಲಿಯವರೆಗೆ ಲೆಕ್ಕ ಸುಲಭ. ಆದರೆ ಮೇಲ್ಮೈ ವಿಸ್ತೀರ್ಣವು 14ರ ವರ್ಗದಷ್ಟು, ಅಂದರೆ 196 ಪಟ್ಟು ಕುಗ್ಗುತ್ತದೆ. ಘನಫಲವೂ ತೂಕವೂ 14ರ ಘನದಷ್ಟು, ಅಂದರೆ 2744 ಪಟ್ಟು ಕುಗ್ಗುತ್ತವೆ. 40 ಟನ್ ತೂಗುವ ಭರ್ತಿ ಲಾರಿಯ ತೂಕ ಈ ಲೆಕ್ಕದಲ್ಲಿ ಸುಮಾರು 14.6 ಕಿಲೋಗ್ರಾಂ. ವಸ್ತುವಿನ ಬಲವು ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿರುವುದರಿಂದ, ಮಾದರಿಯ ಚೌಕಟ್ಟು ತನ್ನ ತೂಕಕ್ಕೆ ಹೋಲಿಸಿದರೆ ಮೂಲದ್ದಕ್ಕಿಂತ 14 ಪಟ್ಟು ಗಟ್ಟಿಯಾಗಿರುತ್ತದೆ. ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳ ಚಾಸಿ ಸಾಕಾಗುವುದು ಈ ಕಾರಣದಿಂದಲೇ.

ಒಂದೆಡೆ ಲಾಭವಾದುದು ಇನ್ನೊಂದೆಡೆ ತೊಡಕಾಗುತ್ತದೆ. ಗ್ಯಾರೇಜಿನವರು ‘ಪಾಟಾ’ ಎಂದು ಕರೆಯುವ ಲೀಫ್ ಸ್ಪ್ರಿಂಗನ್ನೇ ತೆಗೆದುಕೊಳ್ಳಬಹುದು. ನಿಜವಾದ ಲಾರಿಯಲ್ಲಿ ಭಾರ ಬಿದ್ದಾಗ ಅದು 14 ಸೆಂಟಿಮೀಟರ್ ಬಾಗುತ್ತದೆಂದು ಭಾವಿಸಿದರೆ, ಮಾದರಿಯಲ್ಲಿ 1 ಸೆಂಟಿಮೀಟರ್ ಬಾಗಬೇಕು. ಅದೇ ಉಕ್ಕಿನಲ್ಲಿ, ಅದೇ ಆಕಾರದಲ್ಲಿ, ಎಲ್ಲ ಅಳತೆಗಳನ್ನೂ 14ರಿಂದ ಭಾಗಿಸಿ ಮಾಡಿದ ಪಾಟಾ ವಾಸ್ತವವಾಗಿ ಬಾಗುವುದು 1 ಮಿಲಿಮೀಟರಿಗೂ ಕಡಿಮೆ. ಅಂತಹ ಲಾರಿ ಕಲ್ಲು ಸಿಕ್ಕಿದಲ್ಲೆಲ್ಲ ಪುಟಿಯುತ್ತದೆ. ಅದರ ನಡಿಗೆಯಲ್ಲಿ ಭಾರದ ಗಾಂಭೀರ್ಯವೇ ಇರುವುದಿಲ್ಲ. ಅನುಭವಿಯಾದ ನಿರ್ಮಾಪಕನು ಒಂದೆರಡು ಪಟ್ಟಿಗಳನ್ನು ಕಳಚಿ, ಇಲ್ಲವೆ ಚಾಸಿಯ ಮೇಲೆ ತೂಕವನ್ನಿರಿಸಿ ಈ ದೋಷವನ್ನು ಪರಿಹರಿಸುತ್ತಾನೆ. ಪಟ್ಟಿಗಳ ಎಣಿಕೆಯಲ್ಲಿ ಮೂಲಕ್ಕೆ ತಪ್ಪಿದರೂ ಚಲನೆಯಲ್ಲಿ ಅವನು ಮೂಲಕ್ಕೆ ಹತ್ತಿರವಾಗುತ್ತಾನೆ.

ವೇಗದ ವಿಷಯವೂ ಇಂತಹುದೇ. ಗಂಟೆಗೆ 60 ಕಿಲೋಮೀಟರನ್ನು 14ರಿಂದ ಭಾಗಿಸಿದರೆ ಸುಮಾರು 4.3 ಕಿಲೋಮೀಟರ್, ಎಂದರೆ ಮನುಷ್ಯನ ನಡಿಗೆಯ ವೇಗ. ಕಣ್ಣಿಗೆ ಸಹಜವೆನಿಸುವುದು ಇದೇ. ಗುರುತ್ವಾಕರ್ಷಣೆಯಾದರೋ ಚಿಕ್ಕದಕ್ಕೂ ದೊಡ್ಡದಕ್ಕೂ ಒಂದೇ. ಆದಕಾರಣ ಬೀಳುವುದು, ತೂಗಾಡುವುದು ಮುಂತಾದ ಕ್ರಿಯೆಗಳು ಮಾದರಿಯಲ್ಲಿ 14ರ ವರ್ಗಮೂಲದಷ್ಟು, ಅಂದರೆ ಸುಮಾರು 3.7 ಪಟ್ಟು ಶೀಘ್ರವಾಗಿ ನಡೆಯುತ್ತವೆ. ಚಲನಚಿತ್ರಗಳಲ್ಲಿ ಕಿರುಮಾದರಿಗಳನ್ನು ಚಿತ್ರೀಕರಿಸುವವರು ಕ್ಯಾಮರಾದ ವೇಗವನ್ನು ಹೆಚ್ಚಿಸಿ, ತೆರೆಯ ಮೇಲೆ ಆ ಚಲನೆಯನ್ನು ನಿಧಾನಗೊಳಿಸುವುದು ಈ ನಿಯಮವನ್ನು ಅರಿತೇ.

ಜೋಡಣೆಯ ಕ್ರಮ

ಕಿಟ್ಟಿನ ಪೆಟ್ಟಿಗೆಯನ್ನು ತೆರೆದೊಡನೆ ಜೋಡಿಸಲು ತೊಡಗುವುದು ಅವಿವೇಕ. ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ತಿರುಪುಗಳನ್ನು ಅಳತೆಗನುಸಾರವಾಗಿ ಬೇರೆಬೇರೆ ಬಟ್ಟಲುಗಳಲ್ಲಿ ವಿಂಗಡಿಸಿಕೊಂಡವನ ಕೆಲಸ ಅರ್ಧ ಮುಗಿದಂತೆ. ಚಾಸಿಯ ಎರಡು ಉದ್ದಪಟ್ಟಿಗಳನ್ನು ಅಡ್ಡಪಟ್ಟಿಗಳಿಂದ ಬಂಧಿಸುವಾಗ ಎಲ್ಲ ತಿರುಪುಗಳನ್ನೂ ಮೊದಲು ಸಡಿಲವಾಗಿ ಹಾಕಿ, ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಿ, ಆಮೇಲೆ ಬಿಗಿಯಬೇಕು. ಇಲ್ಲಿ ಉಳಿದ ಸೊಟ್ಟ ಮುಂದೆ ಲಾರಿಯನ್ನು ಒಂದು ಬದಿಗೆ ಎಳೆಯುತ್ತಲೇ ಇರುತ್ತದೆ. ಲೋಹಕ್ಕೆ ಲೋಹ ಸೇರುವ ಕಡೆ ಕಂಪನದಿಂದ ತಿರುಪು ಸಡಿಲಗೊಳ್ಳದಂತೆ ಹಿಡಿಯುವ ದ್ರವವನ್ನು ಒಂದು ಹನಿ ಹಚ್ಚುವುದು ವಾಡಿಕೆ. ಪ್ಲಾಸ್ಟಿಕ್ ಭಾಗಗಳಿಗೆ ಅದು ತಾಗಬಾರದು.

ತಮಿಯಾ ಲಾರಿಗಳ ಗೇರುಪೆಟ್ಟಿಗೆಯಲ್ಲಿ ಮೂರು ಗೇರುಗಳಿವೆ. ಮೋಟಾರು ಸುಮಾರು 32 ಸುತ್ತು ತಿರುಗಿದಾಗ ಚಕ್ರವು ಒಂದು ಸುತ್ತು ತಿರುಗುವುದು ಮೊದಲನೆಯ ಗೇರು. ಎರಡನೆಯದರಲ್ಲಿ ಇದು ಸುಮಾರು 18ಕ್ಕೆ, ಮೂರನೆಯದರಲ್ಲಿ ಸುಮಾರು 11ಕ್ಕೆ ಇಳಿಯುತ್ತದೆ. ವೇಗವನ್ನು ಕಳೆದುಕೊಂಡು ಬಲವನ್ನು ಪಡೆಯುವ ಈ ವಿನಿಮಯವನ್ನು ಕರಿಹಲಗೆಯ ಮೇಲೆ ಎಷ್ಟು ಬಾರಿ ವಿವರಿಸಿದರೂ, ಭಾರ ಹೊತ್ತ ಮಾದರಿ ಮೂರನೆಯ ಗೇರಿನಲ್ಲಿ ಏರನ್ನು ಹತ್ತಲಾರದೆ ನಿಂತು, ಮೊದಲನೆಯದರಲ್ಲಿ ಮೆಲ್ಲನೆ ಏರಿಹೋಗುವುದನ್ನು ಕಂಡಾಗ ಆಗುವ ಬೋಧೆಗೆ ಅದು ಸಾಟಿಯಾಗದು.

ಇನ್ನು ನಿಯಂತ್ರಣ. ಕೈಯಲ್ಲಿರುವ ಪ್ರೇಷಕ ಯಂತ್ರದಿಂದ ಹೊರಟ ಸಂಕೇತವನ್ನು ಲಾರಿಯಲ್ಲಿರುವ ಗ್ರಾಹಕ ಯಂತ್ರವು ಹಿಡಿದು ‘ಸರ್ವೋ’ ಎಂಬ ಪುಟ್ಟ ಮೋಟಾರು ಪೆಟ್ಟಿಗೆಗಳಿಗೆ ವಿದ್ಯುತ್ ಸ್ಪಂದನಗಳನ್ನು ಕಳುಹಿಸುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 50 ಬಾರಿ ಬರುವ ಈ ಸ್ಪಂದನದ ಅವಧಿ 1.5 ಮಿಲಿಸೆಕೆಂಡು ಇದ್ದರೆ ಸರ್ವೋ ನಡುವಿನಲ್ಲಿರುತ್ತದೆ. 1 ಮಿಲಿಸೆಕೆಂಡಿನತ್ತ ಸರಿದರೆ ಒಂದು ಕಡೆಗೆ, 2ರತ್ತ ಸರಿದರೆ ಇನ್ನೊಂದು ಕಡೆಗೆ ಹೊರಳುತ್ತದೆ. ಸ್ಟಿಯರಿಂಗು, ವೇಗ ಮತ್ತು ಗೇರುಗಳಿಗೆ ಒಂದೊಂದು ಮಾರ್ಗ ಬೇಕು. ನಾಲ್ಕನೆಯದನ್ನು ದೀಪ, ಧ್ವನಿ ಮೊದಲಾದವುಗಳಿಗೆ ಬಳಸಬಹುದು. ಹಿಂದೆ 27 ಮೆಗಾಹರ್ಟ್ಸ್ ಮುಂತಾದ ಕಂಪನಾಂಕಗಳಲ್ಲಿ ಇಬ್ಬರು ಒಂದೇ ಮಾರ್ಗವನ್ನು ಬಳಸಿದರೆ ಒಬ್ಬನ ಲಾರಿ ಇನ್ನೊಬ್ಬನ ಆಜ್ಞೆಗೆ ಓಗೊಡುವ ಅಪಾಯವಿತ್ತು. ಇಂದಿನ 2.4 ಗಿಗಾಹರ್ಟ್ಸ್ ಸಾಧನಗಳಲ್ಲಿ ಗ್ರಾಹಕವು ತನ್ನ ಪ್ರೇಷಕವನ್ನು ಮಾತ್ರ ಗುರುತಿಸುವುದರಿಂದ ಆ ಭಯ ದೂರವಾಗಿದೆ.

ಪರಿಷ್ಕಾರದ ವಿವೇಕ

ಕಿಟ್ಟಿನಲ್ಲಿ ಹೇಳಿದಂತೆ ಜೋಡಿಸಿದ ಲಾರಿಗಳೆಲ್ಲ ಅಣ್ಣತಮ್ಮಂದಿರಂತೆ ಒಂದೇ ಬಗೆಯಾಗಿರುತ್ತವೆ. ಅದಕ್ಕೆ ಸ್ವಂತ ವ್ಯಕ್ತಿತ್ವ ಬರುವುದು ಪರಿಷ್ಕಾರದಿಂದ. ಇಲ್ಲಿ ಒಳಗಿನಿಂದ ಹೊರಗೆ ಸಾಗುವುದು ಸರಿಯಾದ ಕ್ರಮ. ಮೊದಲು, ಅಕ್ಷದಂಡಗಳು ತಿರುಗುವಲ್ಲಿರುವ ಸಾದಾ ಬುಷ್‌ಗಳನ್ನು ತೆಗೆದು ಬಾಲ್ ಬೇರಿಂಗುಗಳನ್ನು ಅಳವಡಿಸಿದರೆ ಘರ್ಷಣೆ ತಗ್ಗಿ, ಒಮ್ಮೆ ತುಂಬಿಸಿದ ಬ್ಯಾಟರಿ ಹೆಚ್ಚು ಕಾಲ ಬರುತ್ತದೆ. ಬಳಿಕ ಉದ್ದವಾದ ಚಾಸಿ, ಹೆಚ್ಚಿನ ಅಚ್ಚು, ಸುರಿಯುವ ತೊಟ್ಟಿ ಮೊದಲಾದ ರಚನೆಗಳು. ಬಣ್ಣ, ದೀಪ, ಎಂಜಿನ್ನಿನ ಧ್ವನಿ ಇವು ಕೊನೆಗೆ. ಆದರೆ ಹಲವರು ಈ ಕ್ರಮವನ್ನು ತಲೆಕೆಳಗು ಮಾಡಿ, ಥಳಥಳಿಸುವ ಮೈಯನ್ನು ಕುಂಟುವ ಕಾಲುಗಳ ಮೇಲೆ ನಿಲ್ಲಿಸುತ್ತಾರೆ.

ಅಲಂಕಾರದಲ್ಲಿಯೂ ಪ್ರಮಾಣದ ನಿಯಮ ಬಿಡದೆ ಹಿಂಬಾಲಿಸುತ್ತದೆ. ಮಾದರಿಯ ಮೇಲೆ 0.1 ಮಿಲಿಮೀಟರ್ ದಪ್ಪ ಬಳಿದ ಬಣ್ಣ, ನಿಜವಾದ ಲಾರಿಯ ಮೇಲೆ 1.4 ಮಿಲಿಮೀಟರ್ ಮೆತ್ತಿದಂತೆ ಕಾಣುತ್ತದೆ. ಬಾಗಿಲಿನ ಗೀರು, ರಿವೆಟ್ಟಿನ ತಲೆ ಎಲ್ಲವೂ ಅದರಡಿಯಲ್ಲಿ ಮುಚ್ಚಿಹೋಗುತ್ತವೆ. ಆದುದರಿಂದ ಪ್ಲಾಸ್ಟಿಕ್ ಭಾಗಗಳನ್ನು ಸಾಬೂನು ನೀರಿನಿಂದ ತೊಳೆದು ಒಣಗಿಸಿ, ನಯವಾದ ಉಪ್ಪುಕಾಗದದಿಂದ ಹದವಾಗಿ ಉಜ್ಜಿ, ತೆಳುವಾದ ಪದರಗಳಲ್ಲಿ ಬಣ್ಣ ಹಚ್ಚಬೇಕು. ಮರದ ತೊಟ್ಟಿಯನ್ನು ಕಟ್ಟುವವರು ಒರಟು ಎಳೆಯ ಮರವನ್ನು ಬಿಟ್ಟು ನುಣುಪು ಎಳೆಯದನ್ನೇ ಆರಿಸುತ್ತಾರೆ. ಹಲಗೆಯನ್ನು ತೆಳುವಾಗಿ ಸೀಳಬಹುದಲ್ಲದೆ ಅದರ ನೈಸರ್ಗಿಕ ಗೆರೆಗಳನ್ನು ಕುಗ್ಗಿಸಲಾಗದು.

ಕಿಟ್ಟುಗಳಲ್ಲಿ ದೊರೆಯುವವು ಬಹುಮಟ್ಟಿಗೆ ಅಮೆರಿಕ, ಯೂರೋಪುಗಳ ಲಾರಿಗಳು. ಭಾರತದ ಹೆದ್ದಾರಿಗಳ ಲಾರಿಯನ್ನು ನಿರ್ಮಿಸಬಯಸುವವನು ಚಾಸಿ, ಗೇರು, ಚಕ್ರಗಳನ್ನು ಮಾತ್ರ ಕಿಟ್ಟಿನಿಂದ ಪಡೆದು, ಮೇಲಿನ ಮೈಯನ್ನು ತಾನೇ ಕಟ್ಟಬೇಕಾಗುತ್ತದೆ. ಭಾರತದಲ್ಲಿ ದೀರ್ಘಕಾಲ ನಿಜವಾದ ಲಾರಿಗಳೂ ಹುಟ್ಟಿದ್ದು ಹೀಗೆಯೇ ಎಂಬುದು ಇಲ್ಲಿ ಸ್ಮರಣೀಯ: ಕಾರ್ಖಾನೆಯಿಂದ ಚಾಸಿ ಬರುತ್ತಿತ್ತು, ಸ್ಥಳೀಯ ಬಡಗಿ, ಕಮ್ಮಾರ, ಚಿತ್ರಗಾರರು ಅದಕ್ಕೆ ಮೈಯನ್ನೂ ಬಣ್ಣವನ್ನೂ ಕೊಡುತ್ತಿದ್ದರು.

ಚಾಲನೆ ಮತ್ತು ಜಾಗ್ರತೆ

ಟ್ರೈಲರನ್ನು ಹೂಡಿದ ಲಾರಿಯನ್ನು ಹಿಂದಕ್ಕೆ ನಡೆಸುವುದರಲ್ಲಿ ಮಾದರಿಗೂ ಮೂಲಕ್ಕೂ ಅಂತರವೇ ಇಲ್ಲ. ಟ್ರೈಲರ್ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಮೊದಲು ಬಲಕ್ಕೆ ತಿರುಗಿಸಿ, ಅದು ಹೊರಳಲು ತೊಡಗಿದೊಡನೆ ಎಡಕ್ಕೆ ತಂದು ಹಿಂಬಾಲಿಸಬೇಕು. ಇದು ಶುದ್ಧ ರೇಖಾಗಣಿತವಾದುದರಿಂದ ಗಾತ್ರ ಕುಗ್ಗಿದರೂ ಕಷ್ಟ ಕುಗ್ಗುವುದಿಲ್ಲ. ಲಾರಿಯು ಚಾಲಕನತ್ತ ಮುಖಮಾಡಿ ಬರುವಾಗ ಎಡಬಲಗಳು ಅದಲುಬದಲಾಗುವುದು ಇನ್ನೊಂದು ಪರೀಕ್ಷೆ.

ಹತ್ತು ಹದಿನೈದು ಕಿಲೋಗ್ರಾಂ ತೂಗುವ ಯಂತ್ರ ಹಿಡಿತ ತಪ್ಪಿದರೆ ಚಿಕ್ಕ ಮಕ್ಕಳ ಕಾಲಿಗೆ ಪೆಟ್ಟಾಗುವುದು ಖಂಡಿತ. ಸಂಕೇತ ನಿಂತೊಡನೆ ಮೋಟಾರೂ ನಿಲ್ಲುವಂತೆ ಗ್ರಾಹಕ ಯಂತ್ರವನ್ನು ಹೊಂದಿಸಿ, ಚಕ್ರಗಳನ್ನು ನೆಲದಿಂದ ಎತ್ತಿಹಿಡಿದು ಪರೀಕ್ಷಿಸಿದ ಬಳಿಕವೇ ನೆಲಕ್ಕಿಳಿಸಬೇಕು. ಪ್ರೇಷಕವನ್ನು ಮೊದಲು ಹಚ್ಚಿ ಕೊನೆಗೆ ಆರಿಸುವುದು ನಿಯಮ. ಲಿಥಿಯಂ ಬ್ಯಾಟರಿಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಾಗಿರಬೇಕು. ಅವುಗಳ ಒಂದೊಂದು ಕೋಶವನ್ನೂ 4.2 ವೋಲ್ಟಿಗಿಂತ ಮೇಲೆ ತುಂಬಿಸಬಾರದು. 3 ವೋಲ್ಟಿಗಿಂತ ಕೆಳಗೆ ಇಳಿಯಗೊಡಬಾರದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ತುಂಬಿಸುವಾಗ ಸುಡದ ನೆಲದ ಮೇಲಿಟ್ಟು, ಹಿರಿಯರೊಬ್ಬರು ಹತ್ತಿರದಲ್ಲಿಯೇ ಇರುವುದು ಕಡ್ಡಾಯ.

ಉಪಸಂಹಾರ

ಇಂತಹ ಲಾರಿಗೆ ತಗಲುವ ವೆಚ್ಚ ಅಲ್ಪವಲ್ಲ. ಶಾಲೆಯೊಂದು ಇದನ್ನು ಕೊಳ್ಳಬೇಕೇ ಎಂಬ ಪ್ರಶ್ನೆ ಸಹಜವಾದುದು. ಗಾಜಿನ ಕಪಾಟಿನಲ್ಲಿಟ್ಟು ವಾರ್ಷಿಕೋತ್ಸವದ ದಿನ ಓಡಿಸಿ ತೋರಿಸುವುದಕ್ಕಾದರೆ ಬೇಡವೆಂಬುದೇ ಉತ್ತರ. ಒಂದೇ ಕಿಟ್ಟನ್ನು ವರ್ಷಕ್ಕೊಂದು ತಂಡ ಬಿಚ್ಚಿ ಮತ್ತೆ ಜೋಡಿಸುವುದಾದರೆ, ಟೇಪು ಹಿಡಿದು ಊರಿನ ಲಾರಿ ನಿಲ್ದಾಣಕ್ಕೆ ಹೋಗಿ ಅಳತೆ ತಂದು ಅದಕ್ಕೊಂದು ಹೊಸ ಮೈಯನ್ನು ಕಟ್ಟುವುದಾದರೆ, ಅದೇ ಹಣ ಅನೇಕ ವರ್ಷ ಫಲ ಕೊಡುತ್ತದೆ. ಗಣಿತದ ಶಿಕ್ಷಕರಿಗೆ ಅದರಲ್ಲಿ ಪ್ರಮಾಣವುಂಟು, ವಿಜ್ಞಾನದ ಶಿಕ್ಷಕರಿಗೆ ಬಲ ಮತ್ತು ಚಲನೆಯುಂಟು, ಕೈಗಾರಿಕೆಯ ಶಿಕ್ಷಕರಿಗೆ ಅರ, ಗರಗಸ, ಬೆಸುಗೆಗಳ ಕೆಲಸವುಂಟು. ಪರೀಕ್ಷೆಯೂ ಸರಳವಾದುದೇ: ಲಾರಿಗೆ ಭಾರವನ್ನೇರಿಸಿ, ಏರನ್ನು ಹತ್ತಿಸಿ, ಟ್ರೈಲರ್ ಸಹಿತ ಹಿಂದಕ್ಕೆ ನಡೆಸಿ, ನೆಲದ ಮೇಲೆ ಸುಣ್ಣದಿಂದ ಗುರುತಿಸಿದ ಚೌಕದಲ್ಲಿ ನಿಲ್ಲಿಸಬೇಕು. ನಿಲ್ಲದೆ ಹೋದರೆ ತಪ್ಪು ಎಲ್ಲಿದೆಯೆಂದು ವಿದ್ಯಾರ್ಥಿಯೇ ಬಿಚ್ಚಿ ನೋಡಬೇಕು. ಹಾಗೆ ಬಿಚ್ಚಿ ನೋಡುವ ಧೈರ್ಯವನ್ನು ಮಕ್ಕಳಲ್ಲಿ ಬೆಳೆಸುವುದಕ್ಕೆ ಸಂದ ಹಣ ಸದ್ವಿನಿಯೋಗವಾಯಿತೆಂದೇ ತಿಳಿಯಬೇಕು.